ಭಾವನ ಬಕೆಟ್ಟೂ ಮಿಶ್ಮಿಶ್ ಪರೀಕ್ಷೆಯೂ

ನನ್ನ ಭಾವನಷ್ಟು ಹೆದರುಪುಕ್ಕಲು ಮನುಷ್ಯ ಇಡೀ ಸೌದಿ ಅರೇಬಿಯಾದಲ್ಲಿ ಇನ್ನೊಬ್ಬನಿಲ್ಲ. ಇದನ್ನು ಅವರು ಒಪ್ಪುವುದಿಲ್ಲ. ಒಪ್ಪಿಕೊಂಡರೆ ಎಲ್ಲಿ ಏನಾಗಿಬಿಡುತ್ತದೋ ಎಂಬ ಹೆದರಿಕೆ! ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ ಕಾರ್ಡು, ಕಿಸೆಯಲ್ಲಿದೆಯೇ ಎಂದು ಕೋಣೆಯ ಬಾಗಿಲಲ್ಲೊಮ್ಮೆ, ಗೇಟಿನಲ್ಲೊಮ್ಮೆ, ಗಾಡಿ ಹತ್ತಿದ ಮೇಲೊಮ್ಮೆ ಮುಟ್ಟಿ ನೋಡುತ್ತಾರೆ. ಪೊಲೀಸರು ಕೇಳಿದಾಗ ಮಾತ್ರ ಅದು ಇನ್ನೊಂದು ಅಂಗಿಯಲ್ಲಿರುತ್ತದೆ. ಇಂಥವರ ಕೈಗೆ ವಿಧಿ ಒಪ್ಪಿಸಿದ್ದು ಏನನ್ನು ಗೊತ್ತೇ? ಒಂದು ನಾಯಿಯನ್ನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಲ್ ಖರ್ಜಿನ ಒಂದು ತೋಟದಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸ. ನಾನು ರಿಯಾದಿನ ಒಂದು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿದ್ದೆ. ಶುಕ್ರವಾರ ಬಂತೆಂದರೆ ಅವರಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಅವರ ಕಫೀಲ್, ಅಂದರೆ ತೋಟದ ಯಜಮಾನ, ಹಾಯಿಲ್‌ನಲ್ಲಿರುವ ತನ್ನ ಅಣ್ಣನಿಗೆ ಉಡುಗೊರೆ ಕೊಡಲೆಂದು ವಿದೇಶದಿಂದ ಹಳದಿ ಬಣ್ಣದ ಲ್ಯಾಬ್ರಡಾರ್ ತರಿಸಿದ್ದರು. ಹೆಸರು ಮಿಶ್ಮಿಶ್. ಈ ಜಾತಿಯ ನಾಯಿ ಬೇಟೆಯಾಡುವುದಿಲ್ಲ. ಬೇಟೆಗಾರ ಹೊಡೆದು ಬೀಳಿಸಿದ ಹಕ್ಕಿಯನ್ನು ಹಲ್ಲು ತಾಗಿಸದೆ ಹೆಕ್ಕಿ ತರುತ್ತದೆ. ಹಾಯಿಲ್‌ನ ಅಣ್ಣ ಖಡಾಖಂಡಿತ ಹೇಳಿದ್ದರಂತೆ: ಅರೆಬೆಂದ ನಾಯಿ ಬೇಡ, ಹಕ್ಕಿ ಹೆಕ್ಕುವ ನಾಯಿಗಳಿಗೆ ನಡೆಸುವ ಎರಡನೇ ದರ್ಜೆಯ ಪರೀಕ್ಷೆ ಪಾಸು ಮಾಡಿಸಿ ಕಳಿಸು.

ನಾಯಿಯನ್ನು ಪಳಗಿಸುವವರು ಯಾರು ಎಂದು ಕಫೀಲ್ ಕೇಳಿದಾಗ ಉಳಿದ ಕೆಲಸಗಾರರೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದರು. ಭಾವನಿಗೆ ಹಿಂದೆ ಸರಿಯಲಿಕ್ಕೂ ಹೆದರಿಕೆಯಾಗಿ ನಿಂತಲ್ಲೇ ನಿಂತರು. ಹಾಗೆ ಅವರ ಆಯ್ಕೆಯಾಯಿತು.

"ಪಾಸಾದರೆ ಬಕ್ರೀದಿಗೆ ಊರಿಗೆ ಹೋಗು. ಇಲ್ಲದಿದ್ದರೆ ಮುಂದಿನ ಪರೀಕ್ಷೆಯವರೆಗೆ ಇಲ್ಲೇ ಇರು" ಎಂದರು ಕಫೀಲ್. ಭಾವ ಊರಿಗೆ ಹೋಗಿ ಎರಡು ವರ್ಷ ದಾಟಿತ್ತು, ಎರಡು ಬಕ್ರೀದ್ ಇಲ್ಲೇ ಕಳೆದಿತ್ತು. ಆ ದಿನದಿಂದ ಅವರ ನಿದ್ದೆ ಹೋಯಿತು. ಅವರ ಜೊತೆ ನನ್ನದೂ.

ಮೊದಲ ಕಷ್ಟ ಜೊಲ್ಲಿನದು. ನಾಯಿಯ ಜೊಲ್ಲು ತಾಗಿದರೆ ನಮ್ಮ ಮುಸ್ಲಿಮರಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲೊಮ್ಮೆ ಮಣ್ಣು ಹಾಕಿ. ಭಾವ ಇದಕ್ಕೊಂದು ಉಪಾಯ ಹುಡುಕಿದರು. ದೂರ ನಿಂತು ಸೀಟಿ ಊದುವುದು, ಕೈ ಬೀಸಿ ಎಡ, ಬಲ, ಹಿಂದೆ ಎಂದು ತೋರಿಸುವುದು, ನಾಯಿ ತಂದ ಹಕ್ಕಿಯನ್ನು ಕೈಗೆ ತೆಗೆದುಕೊಳ್ಳುವ ಬದಲು ಒಂದು ನೀಲಿ ಬಕೆಟ್ಟಿಗೆ ಹಾಕಿಸುವುದು. ಮೂರು ತಿಂಗಳಲ್ಲಿ ಮಿಶ್ಮಿಶ್ ಎಷ್ಟು ಪಳಗಿತೆಂದರೆ ಫರ್ಲಾಂಗು ದೂರದಿಂದಲೂ ಭಾವನ ಕೈಸನ್ನೆಗೆ ತಿರುಗುತ್ತಿತ್ತು. ಕಫೀಲ್ ಬಂದು ನೋಡಿ ಬೆರಗಾದರು. ಆಮೇಲೆ ಬಕೆಟ್ ನೋಡಿ ತಲೆಗೆ ಕೈ ಇಟ್ಟುಕೊಂಡರು. ಪರೀಕ್ಷೆಯಲ್ಲಿ ಹಕ್ಕಿ ಕೈಗೇ ಬರಬೇಕಂತೆ. ನೆಲಕ್ಕೆ ಬಿದ್ದರೂ ನಪಾಸು, ಬಕೆಟ್ಟಿಗೆ ಬಿದ್ದರೂ ನಪಾಸು.

ಅಲ್ಲಿಂದ ಬಕೆಟ್ ಬಿಡಿಸುವ ಸಾಧನೆ ಶುರುವಾಯಿತು. ದಿನಕ್ಕೆ ಇಪ್ಪತ್ತು ಸಲ ಹಕ್ಕಿ, ಸಲಕ್ಕೆ ಏಳು ತೊಳೆತ. ಕಲಿಸಿದ್ದೆಲ್ಲ ಮುಗಿದ ಮೇಲೆ ಒಟ್ಟಿಗೆ ತೊಳೆದರೆ ಸಾಕು ಎಂದು ನಾನು ಹೇಳಿ ನೋಡಿದೆ.

"ನಡುವಿನಲ್ಲಿ ಮರಣ ಬಂದ್ರೆ ಎಂತ ಮಾಡುದು ಮಾರಾಯ?" ಎಂದರು.

ಅವರ ಅಂಗೈ ಒಡೆದು ವ್ಯಾಸಲೀನ್ ಮೆತ್ತುವ ಸ್ಥಿತಿ ಬಂತು. ವ್ಯಾಸಲೀನ್ ವಾಸನೆಗೆ ನಾಯಿ ಕೈ ನೆಕ್ಕುತ್ತಿತ್ತು. ಮತ್ತೆ ಏಳು ಸಲ.

ಎರಡನೇ ದರ್ಜೆಯಲ್ಲಿ ಎರಡು ಹಕ್ಕಿ ಒಂದಾದ ಮೇಲೊಂದು ಬೀಳುತ್ತವೆ. ಒಂದನ್ನು ತಂದು ಇನ್ನೊಂದು ಬಿದ್ದ ಜಾಗವನ್ನು ನಾಯಿ ನೆನಪಿಟ್ಟಿರಬೇಕು. "ಇದಕ್ಕೆ ಎರಡನೆಯದ್ದು ಮರೆತೇ ಹೋಗ್ತದೆ" ಎಂದು ಭಾವ ಗೊಣಗುತ್ತಿದ್ದರು. ಹೀಗೆ ಗೊಣಗಿದ ದಿನವೇ ಅಂಗಡಿಗೆ ಹೋಗಿ ಮೊಟ್ಟೆ ತಂದರು, ಗ್ಯಾಸ್ ಮರೆತರು.

ಕೊನೆಯದು ಎಲ್ಲಕ್ಕಿಂತ ಕಠಿಣ. ಬೇರೊಂದು ನಾಯಿ ಓಡಿ ಹಕ್ಕಿ ತರುವಾಗ ನಮ್ಮದು ಮಿಸುಕದೆ ಕೂತಿರಬೇಕು. ಅಭ್ಯಾಸಕ್ಕೆ ಇನ್ನೊಂದು ನಾಯಿ ಎಲ್ಲಿಂದ ತರುವುದು? ಭಾವ ನನ್ನನ್ನು ನೋಡಿದರು.

"ಭಾವ, ನಾನು ಎಂ.ಕಾಂ. ಓದಿದವ."

"ಅದು ನಾಯಿಗೆ ಎಲ್ಲಿ ಗೊತ್ತುಂಟು? ಓಡು, ಯಲ್ಲಾ."

ಎಂಟು ಶುಕ್ರವಾರ ನಾನು ಕುದುರೆ ಮೆಂತೆಯ ಹೊಲದಲ್ಲಿ ಓಡಿ, ಹಕ್ಕಿಯ ಬದಲಿಗೆ ಭಾವ ಎಸೆದ ಕ್ಯಾನ್ವಾಸ್ ಸುರುಳಿ ಹೆಕ್ಕಿ ತಂದೆ. ಮಿಶ್ಮಿಶ್ ಕೂತು ನೋಡುತ್ತಿತ್ತು. ಊಟಕ್ಕೆಂದು ಹೋಗುತ್ತಿದ್ದವನು ನಾಲ್ಕು ಕಿಲೋ ಇಳಿದೆ.

ಬಕ್ರೀದಿಗೆ ಹತ್ತು ದಿನವಿರುವಾಗ ಪರೀಕ್ಷೆ. ತೀರ್ಪುಗಾರ ಕೆಂಪು ಮುಖದ ಒಬ್ಬ ಬಿಳಿಯ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಭಾವ ಬೆಳಿಗ್ಗೆಯಿಂದ ನೀರು ಮಾತ್ರ ಕುಡಿದಿದ್ದರು. ಎರಡು ಪಾರಿವಾಳ ಬಿದ್ದವು. ಮಿಶ್ಮಿಶ್ ಮೊದಲನೆಯದನ್ನು ಬಾಯಲ್ಲಿ ಹಿಡಿದು ಬಂದು ಆಚೀಚೆ ನೋಡಿತು. ಬಕೆಟ್ ಹುಡುಕುತ್ತಿದೆ! ಭಾವ ದುಆ ಪ್ರಾರ್ಥನೆಗೆ ಹಿಡಿದ ಹಾಗೆ ಎರಡೂ ಕೈ ಒಡ್ಡಿದರು. ಬಹುಶಃ ದುಆವನ್ನೇ ಮಾಡುತ್ತಿದ್ದರು. ನಾಯಿ ಒಂದು ಕ್ಷಣ ಯೋಚಿಸಿ ಹಕ್ಕಿಯನ್ನು ಅಂಗೈಯಲ್ಲಿಟ್ಟಿತು. ಎರಡನೆಯದೂ ಬಂತು. ಪರೀಕ್ಷೆಯವರು ಮೊದಲೇ ಅಡಗಿಸಿಟ್ಟಿದ್ದ ಮೂರನೆಯ ಹಕ್ಕಿಯನ್ನು ಭಾವನ ಕೈಸನ್ನೆ ನೋಡಿ ನೇರವಾಗಿ ಹೋಗಿ ತಂದಿತು.

ಆಮೇಲೆ ಕೂತಿರುವ ಪರೀಕ್ಷೆ. ಇನ್ನೊಂದು ನಾಯಿಯ ಯಜಮಾನ ಕೂಗಿ ಆಜ್ಞೆ ಕೊಟ್ಟ. ಮಿಶ್ಮಿಶ್ ನಡುಗಿತು, ಆದರೆ ಕದಲಲಿಲ್ಲ. ಅಭ್ಯಾಸಬಲದಿಂದ ಎರಡು ಹೆಜ್ಜೆ ಓಡಿದವನು ನಾನು.

ಪಾಸು. ಕಫೀಲ್ ಭಾವನನ್ನು ಅಪ್ಪಿಕೊಂಡು, ರಜೆಯ ಕಾಗದಕ್ಕೆ ಅಲ್ಲೇ ಗಾಡಿಯ ಮೇಲಿಟ್ಟು ಸಹಿ ಹಾಕಿದರು. ನಾಳೆ ನಾಯಿ ಹಾಯಿಲ್‌ಗೆ, ನಾಡಿದ್ದು ಭಾವ ಮಂಗಳೂರಿಗೆ. ನನಗೆ ಕುಣಿಯುವಷ್ಟು ಸಂತೋಷ. ಭಾವ ಮಾತ್ರ ಕಾಗದ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೆ ಕಫೀಲ್ ಹತ್ತಿರ ಹೋಗಿ ಅರೆಬರೆ ಅರಬಿಯಲ್ಲಿ ಏನೋ ಹೇಳಿದರು. ಆ ಮನುಷ್ಯ ಕಫೀಲ್ ಬಳಿ ತಾನಾಗಿ ಬಾಯಿ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ತಿರುಗಿ ಬಂದು ಹೇಳಿದರು, "ನಾನೂ ಹಾಯಿಲ್‌ಗೆ ಹೋಗ್ತೇನೆ. ಒಂದು ತಿಂಗಳು. ಇದು ಇಲ್ಲಿಗೆ ಬಂದಾಗ ಮೂರು ದಿನ ತಿನ್ಲಿಕ್ಕೆ ಏನೂ ಮುಟ್ಲಿಲ್ಲ. ಅಲ್ಲಿ ಅದನ್ನೆಲ್ಲ ನೋಡುವವರು ಯಾರು?"

"ಬಕ್ರೀದ್? ಅಕ್ಕ?"

"ಅವಳಿಗೆ ನೀನೇ ಹೇಳು. ನನಗೆ ಹೆದರಿಕೆ ಆಗ್ತದೆ."

ಸಂಜೆ ಫೋನು ಮಾಡಿದೆ. ಭಾವನ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅಕ್ಕ ಬೈಯಲಿ ಎಂದೇ ಎಲ್ಲವನ್ನೂ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಮದುವೆಯಾಗಿ ಆ ಮನೆಗೆ ಹೋದಾಗ ನನಗೂ ನಾಲ್ಕು ದಿನ ಅನ್ನ ಇಳಿಲಿಲ್ಲ" ಎಂದಳು ಅಕ್ಕ. "ಯಾರಿಗೂ ಗೊತ್ತಾಗ್ಲಿಲ್ಲ, ಇವರಿಗೆ ಗೊತ್ತಾಯ್ತು. ಕೆಲಸಕ್ಕೆ ರಜೆ ಹಾಕಿ ಅಡಿಗೆಕೋಣೆಯ ಬಾಗಿಲಲ್ಲಿ ಬಂದು ಕೂತ್ರು. ಮನೆಯವರೆಲ್ಲ ನಗಾಡಿದ್ರು. ನಾನು ಉಂಡ ಮೇಲೆಯೇ ಇವರು ಎದ್ದದ್ದು."

"ಹೋಗ್ಲಿ, ಬಿಡು" ಎಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಅಲ್ಲಿ ಚಳಿ ಉಂಟಂತೆ. ಆ ನಾಯಿಗೆ ಮಲಗ್ಲಿಕ್ಕೆ ಎಂತಾದ್ರೂ ಉಂಟಾ?"