ಏಳು ಜನರ ‘ಗೋ’

ಆ ವರ್ಷ ಮೂಡಿಗೆರೆ ಸೀಮೆಯಲ್ಲಿ ಎಲ್ಲರೂ ನಂಬಿದ್ದ ಸಂಗತಿಯೆಂದರೆ, ಹೋಮ್‌ಸ್ಟೇಗೆ ಬಂದ ಅತಿಥಿಗೆ ಇಂಗ್ಲಿಷಿನಲ್ಲಲ್ಲದೆ ಯಾರೂ ಉತ್ತರ ಕೊಡಲಾಗದು ಎಂಬುದು. ಆದ್ದರಿಂದ ಹೋಮ್‌ಸ್ಟೇ ಮಾಲೀಕರ ಸಂಘ ಒಂದು ಸುತ್ತೋಲೆ ಹೊರಡಿಸಿತು: ‘ಗೋ’ ಎಂಬ ಕ್ರಿಯಾಪದದ ವರ್ತಮಾನ ಕಾಲದ ಸಕಲ ರೂಪಗಳನ್ನೂ ತಪ್ಪಿಲ್ಲದೆ ಒಪ್ಪಿಸದವರು ಸ್ವಾಗತದ ಮೇಜಿನ ಹಿಂದೆ ನಿಲ್ಲತಕ್ಕದ್ದಲ್ಲ.

ಜಾವಳಿಯ ರುದ್ರೇಶ್ ಅವರ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದ ಸುಕನ್ಯಾಗೆ ಆ ಮೇಜು ಬೇಕಾಗಿತ್ತು. ಅಲ್ಲಿ ಫ್ಯಾನಿತ್ತು, ಕತ್ತಿನೊಳಗೆ ಇಳಿಯುವ ಚಗಳಿ ಇರುವೆ ಇರಲಿಲ್ಲ. ಪಿಯುಸಿ ಮುಗಿಸಿದವಳಿಗೆ ‘ಗೋ’ ದೊಡ್ಡ ಮಾತೇನೂ ಅಲ್ಲ.

ಆದರೆ ತಯಾರಿ ಮಾಡಿಸುವ ಹೊಣೆ ಮೇಸ್ತ್ರಿ ದಾಸಯ್ಯನ ಮೇಲೆ ಬಿತ್ತು. ಮೇಸ್ತ್ರಿಗೆ ಗೊತ್ತಿರುವುದು ಆಳುಗಳಿಗೆ ಸಾಲು ಹಂಚುವುದು. ಗಿಡಗಳನ್ನು ಹಂಚಿದ ಹಾಗೆಯೇ ಕ್ರಿಯಾಪದವನ್ನೂ ಏಳು ಜನರಿಗೆ ಹಂಚಿದ. ಧರ್ಮೇಶನಿಗೆ ‘ಐ ಗೋ’, ಮರಿಯಮ್ಮನಿಗೆ ‘ಯೂ ಗೋ’, ಸುಕನ್ಯಾಗೆ ‘ಶೀ ಗೋಸ್’, ಶೇಷಪ್ಪನಿಗೆ ‘ಇಟ್ ಗೋಸ್’, ಹೀಗೆ.

“ದಾಸಣ್ಣ, ಪೂರ್ತಿ ನಾನೊಬ್ಳೇ ಹೇಳ್ತೀನಲ್ಲ?” ಎಂದಳು ಸುಕನ್ಯಾ.

“ನಿನ್ ಸಾಲು ನೀನು ನೋಡ್ಕೊ ಮಾರಾಯ್ತಿ. ಶೇಷಪ್ಪನ ಸಾಲಿಗೆ ಯಾಕೆ ಕೈ ಹಾಕ್ತೀಯ?”

“ಅದನ್ನೇ ನಾನೂ ಹೇಳೋದು,” ಎಂದ ಶೇಷಪ್ಪ. “ನಂಗೆ ಸಿಕ್ಕಿರೋದೇ ಒಂದು. ಅದೂ ಮನುಷ್ಯರದ್ದಲ್ಲ.”

ಸಂಘದ ಪರೀಕ್ಷಕ ರೇಣುಕಪ್ರಸಾದ್ ಜೀಪಿನಲ್ಲಿ ಬಂದರು. ಏಳೂ ಜನ ಸಾಲಾಗಿ ನಿಂತು, ಎಡದಿಂದ ಬಲಕ್ಕೆ, ತಮ್ಮತಮ್ಮ ಪಾಲು ಒಪ್ಪಿಸಿದರು. ಒಂದೂ ತಪ್ಪಲಿಲ್ಲ. ಪರೀಕ್ಷಕರು ಸಂತೋಷದಿಂದ ಪ್ರಮಾಣಪತ್ರ ಬರೆದರು: “ಸದರಿ ತಂಡಕ್ಕೆ ಸಾಮೂಹಿಕವಾಗಿ ಇಂಗ್ಲಿಷ್ ಬರುತ್ತದೆ. ಒಬ್ಬರ ಪಾಲಿನಲ್ಲಿ ಮತ್ತೊಬ್ಬರು ಬಾಯಿ ಹಾಕಿದಲ್ಲಿ ತಪ್ಪಿತಸ್ಥರನ್ನು ತೋಟಕ್ಕೆ ಹಿಂದಿರುಗಿಸಲಾಗುವುದು.”

ರುದ್ರೇಶ್ ಬಡಗಿಯನ್ನು ಕರೆಸಿ ಮೇಜನ್ನು ಉದ್ದ ಮಾಡಿಸಿದರು.

“ಸಾವ್ಕಾರ್ರೇ, ಕೊಯ್ಲಿಗೆ ಆಳಿಲ್ಲ. ಹಣ್ಣೆಲ್ಲ ಉದುರ್ತಾ ಇದೆ,” ಎಂದ ದಾಸಯ್ಯ.

“ಉದುರ್ಲಿ ಬಿಡೋ. ಕಾಫಿ ಎಲ್ಲರ ತೋಟದಲ್ಲೂ ಇದೆ. ಇಂಗ್ಲಿಷ್ ಯಾರ ಹತ್ರ ಇದೆ?”

ಮೊದಲ ಅತಿಥಿ ಹೆಂಡತಿಯೊಂದಿಗೆ ಬಂದಿಳಿದು, ಬಚ್ಚಲಲ್ಲಿ ಬಿಸಿನೀರು ಸಿಗುತ್ತದೆಯೇ ಎಂದು ಕೇಳಿದರು. ಬೆಳಿಗ್ಗೆ ಹಂಡೆಯ ಒಲೆಗೆ ಬೆಂಕಿ ಹಾಕಿದವಳೇ ಸುಕನ್ಯಾ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಪಕ್ಕದಲ್ಲಿದ್ದ ಮರಿಯಮ್ಮ ಅವಳ ತೋಳು ಚಿವುಟಿದಳು.

“ಸುಮ್ನಿರೇ. ನೀರು ಅಂದ್ರೆ ‘ಇಟ್’. ಅದು ಶೇಷಪ್ಪಂದು.”

ಶೇಷಪ್ಪ ಊಟಕ್ಕೆ ಹೋಗಿದ್ದ. ಸುಕನ್ಯಾ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದಳು, ಬಾಯಿ ಮುಚ್ಚಿದಳು. ಮೇಜಿನ ಕೆಲಸ ಉಳಿಯಿತು.

ಸಂಬಂಧಪಟ್ಟವರು ಬರುವವರೆಗೆ ಕಾಯಬೇಕೆಂದು ರುದ್ರೇಶ್ ಕೈಸನ್ನೆ ಮಾಡಿದರು. ಅತಿಥಿಗೆ ಬೇಸರವೇನೂ ಆಗಲಿಲ್ಲ. ದೊಡ್ಡ ಜಾಗಗಳಲ್ಲಿ ಹೀಗೆಯೇ ಇರುತ್ತದೆ ಎಂದು ಹೆಂಡತಿಗೆ ತಿಳಿಹೇಳಿ, ಬ್ಯಾಗಿನ ಮೇಲೆ ಕುಳಿತರು.

ಅವರು ದಾವಣಗೆರೆಯವರು. ಬಿಸಿನೀರಿನ ವಿಚಾರ ಕೇಳಿದ್ದು ಕನ್ನಡದಲ್ಲಿ.