ನಮ್ಮ ಗೈಡಿಗೆ ಬೂಷ್ಟು ಹಿಡಿದದ್ದು

ಕೊತ್ತತ್ತಿ ನಾಲೆ ಪಕ್ಕದ ನಮ್ಮ ಶೆಡ್ಡಲ್ಲಿ ಇಂಥದ್ದು ಒಂದಲ್ಲಾ ಒಂದು ಆಗ್ತಾನೇ ಇರ್ತದೆ. ಹುಳಕ್ಕೆ ಬೂಷ್ಟು ಹಿಡಿಸಿ, ಅದು ಸಾಯೋದನ್ನು ಕಾಯ್ತಾ ಕೂರೋ ಜಾಗ ಅದು. ಅಲ್ಲಿ ಇನ್ನೇನು ಬೀಗರೂಟ ನಡೀತದಾ?

ಹತ್ತನೇ ಕ್ಲಾಸಿಗೂ ನನಗೂ ಹೊಂದಾಣಿಕೆ ಆಗದೆ ಹೋದ ಮೇಲೆ ನಾನಿಲ್ಲಿ ಗೊಣ್ಣೆ ಹುಳ ಹಿಡಿಯೋ ಕೆಲಸಕ್ಕೆ ಸೇರಿದೆ. ಕಬ್ಬಿನ ಬೇರು ತಿಂದು ದಪ್ಪಗಾಗ್ತದಲ್ಲ, ಅದೇ ಹುಳ. ಔಷಧಿ ಹೊಡೀದೆ ಬರೀ ಬೂಷ್ಟಿನಿಂದ ಅದನ್ನು ಕೊಲ್ಲಬಹುದಾ ಅಂತ ಮಳವಳ್ಳಿ ಕಡೆಯ ಒಬ್ಬ ಅಕ್ಕ ಪಿಎಚ್‌ಡಿ ಮಾಡ್ತಾವ್ರೆ. ಅಕ್ಕನಿಗೆ ಒಬ್ಬರು ಗೈಡು. ಈ ಕತೆಯೆಲ್ಲ ಆ ಗೈಡು ಸಾರ್‌ದೇ.

೧. ಬಾಗಿಲು ತಟ್ಟಿದವರು

ಸಾರ್ ಬರ್ತಾವ್ರೆ ಅಂತ ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾರು ನಾಲೆ ದಾಟೋಕೆ ಮುಂಚೆ ಬೈಗುಳ ದಾಟ್ತಿತ್ತು. ಅವರು ಕೂಗಿದ್ರೆ ಡಬ್ಬಿಯೊಳಗಿನ ಹುಳಾನೂ ಮಣ್ಣೊಳಕ್ಕೆ ಇಳೀತಿತ್ತು.

ಒಂದ್ಸಲ ಅವರು ಬೆಂಗಳೂರಿಗೆ ಹೋಗಿ ಒಂದಷ್ಟು ದಿನ ಇದ್ದು ಬಂದರು. ಯಾಕೆ ಹೋಗಿದ್ರು ಅಂತ ನಮಗೆ ಗೊತ್ತಿರಲಿಲ್ಲ. ಬಂದ ಮೇಲೆ ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲನ್ನು ಯಾರೋ ತಟ್ಟಿದರು. ಅಕ್ಕ ನನ್ನ ಮುಖ ನೋಡಿದರು. ನಮ್ಮ ಬಾಗಿಲಿಗೆ ಚಿಲಕಾನೇ ಇಲ್ಲ, ಮೇಕೆ ಕೂಡ ತಳ್ಕೊಂಡೇ ಬರ್ತದೆ.

“ಒಳಗೆ ಬರಬಹುದಾಮ್ಮಾ?”

ದನಿ ಸಾರ್‌ದು, ಮಾತು ಸಾರ್‌ದಲ್ಲ. ಬಂದು ಕೂತರು. ಹೆಂಗಿದ್ದೀಯಾ, ಊಟ ಆಯ್ತಾ, ನಿದ್ದೆ ಚೆನ್ನಾಗಿ ಬರ್ತದಾ ಅಂತ ಕೇಳಿದರು. ಆಮೇಲೆ ಮಾತೇ ಇಲ್ಲ. ಕಣ್ಣು ಮಿಟುಕಿಸದೆ ಅಕ್ಕನನ್ನೇ ನೋಡ್ತಾ ಕೂತರು. ಕರೆಂಟು ಹೋಗಿ ಫ್ಯಾನು ನಿಂತಿತು, ಅವರು ಅಲ್ಲಾಡಲಿಲ್ಲ. ಅಕ್ಕ ಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು, ಮುಟ್ಟಲಿಲ್ಲ. ಕೊನೆಗೆ “ಸಂತೋಷ” ಅಂತ ಎದ್ದು ಸದ್ದಿಲ್ಲದೆ ಹೊರಟುಹೋದರು.

ನಾನು ಬಾಗಿಲಿಂದ ಬಗ್ಗಿ ಅವರ ಪಾದ ನೋಡಿದೆ. ಮುಂದಕ್ಕೇ ಇದ್ವು. ಆದ್ರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

೨. ಸಾಯದ ಹುಳ

ಅಕ್ಕನಿಗೆ ಮೊದಲೇ ಒಂದು ದಿಗಿಲಿತ್ತು. ಶೆಡ್ಡಲ್ಲಿ ಹುಳ ಚೆನ್ನಾಗಿ ಸಾಯ್ತಿದ್ವು. ಅದನ್ನೇ ಹೊಲದಲ್ಲೂ ತೋರಿಸಬೇಕು ಅಂತ ಸೋಮನಹಳ್ಳಿಯ ಒಬ್ಬರು ಗೌಡ್ರ ಕಬ್ಬಿನ ಗದ್ದೆಯಲ್ಲಿ, ಬೂಷ್ಟು ಬೆರೆಸಿದ ಮಣ್ಣು ತುಂಬಿ, ಹುಳ ಬಿಟ್ಟು, ಮಡಕೆ ಹೂತಿದ್ದೋ. ಅಲ್ಲಿ ಒಂದೂ ಸಾಯ್ತಿರಲಿಲ್ಲ. ಯಾವಾಗ ಮುಚ್ಚಳ ತೆಗೆದ್ರೂ ಸತ್ತಿರಬೇಕಾದವು ಕೊಬ್ಬಿಕೊಂಡು ಹೊರಳಾಡ್ತಾ ಇರ್ತಿದ್ವು. ನನಗಂತೂ ಮೈ ಜುಂ ಅನ್ನೋದು.

ಹೊಲದಲ್ಲಿ ಸಾಯದಿದ್ರೆ ಅಕ್ಕನ ಇಷ್ಟು ವರ್ಷದ ಓದು ನೀರಿಗೆ ಹೋದಂಗೆ. ಸಾರ್‌ಗೆ ಹೇಳೋಕೆ ಧೈರ್ಯ ಇಲ್ಲ. ಎಲ್ಲಾ ಬಿಟ್ಟು ಮಳವಳ್ಳೀಲಿ ಸ್ಕೂಲ್ ಮೇಡಂ ಕೆಲಸಕ್ಕೆ ಸೇರ್ಕೊತೀನಿ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಕೂಗೋ ಸಾರ್‌ಗೇ ಹೆದರ್ತಿದ್ದೋರು ಈ ಸುಮ್ಮನಿರೋ ಸಾರ್‌ನ ಕಂಡು ಇನ್ನೂ ಕುಗ್ಗಿದರು.

ಅವರನ್ನು ನಗಿಸೋಣ ಅಂತ ಕೇಳಿದೆ. “ಅಕ್ಕಾ, ಬೂಷ್ಟು ತಗುಲಿದ ಹುಳ ಮೊದ್ಲು ಏನ್ ಮಾಡ್ತದೆ?”

“ಮಂಕಾಗ್ತದೆ. ಮೇವು ಬಿಡ್ತದೆ. ಮುಟ್ಟಿದ್ರೂ ಕೊಸರಾಡಲ್ಲ. ಕೊನೆಗೆ ಮೈಮೇಲೆ ಬೆಳ್ಳಗೆ ಬೂಷ್ಟು ಏಳ್ತದೆ.”

“ಸಾರು ಕಾಫಿ ಬುಟ್ರು ನೋಡುದ್ರಾ?”

ಅಕ್ಕ ಆ ಕಾಫಿ ಲೋಟದ ಕಡೆ ನೋಡಿದರು. ಆಮೇಲೆ, “ಲೋ, ಅದು ಹುಳಕ್ಕೆ ಮಾತ್ರ ಹಿಡಿಯೋದು ಕಣೋ, ಮನುಷ್ಯರಿಗೆ ಏನೂ ಆಗಲ್ಲ” ಅಂದರು. ಅಂದು, ಮಾಸ್ಕ್ ಹಾಕ್ಕೊಂಡರು.

೩. ಇರುವೆ ಸಾರ್

ಮುಂದಿನ ವಾರ ಸಾರ್ ಮತ್ತೆ ಬಾಗಿಲು ತಟ್ಟೇ ಒಳಗೆ ಬಂದರು. ನಾನು ಆವತ್ತು ಅಂಗೈಗೆ ಅಕ್ಕಿ ಹಿಟ್ಟು ಮೆತ್ತಿಕೊಂಡು ರೆಡಿ ಇದ್ದೆ. “ಕಾಲರ್ ಮೇಲೆ ಇರುವೆ ಸಾರ್” ಅಂತ ಅವರ ಕತ್ತನ್ನು ಎರಡು ಸಲ ಕೊಡವಿದೆ. ಹಳೇ ಸಾರ್ ಆಗಿದ್ರೆ ಕೆನ್ನೆಗೆ ಬಿಗಿಯೋರು. ಇವರು “ಥ್ಯಾಂಕ್ಸ್ ಕಣಪ್ಪಾ” ಅಂದರು. ತಮಾಷೆ ಮಾಡಿದ ನನಗೇ ಬೆನ್ನು ತಣ್ಣಗಾಯ್ತು.

ಅವರು ಹುಳದ ತಟ್ಟೆ ನೋಡೋಕೆ ಬಗ್ಗಿದಾಗ ಅಕ್ಕನಿಗೆ ಆ ಬಿಳೀ ಕತ್ತು ಕಾಣಿಸ್ತು. ಮುಖ ಬಿಳಿಚಿಕೊಳ್ತು. ಸಾರ್ ತಿರುಗಿ, ಎದುರಿಗೆ ಕೂತು, ಮತ್ತೆ ಆ ಮಿಟುಕದ ಕಣ್ಣಲ್ಲಿ ನೋಡಿದ್ದೇ ತಡ, ಅಕ್ಕನ ಬಾಯಿಂದ ಎಲ್ಲಾ ಬಂದುಬಿಡ್ತು. ಸೋಮನಹಳ್ಳಿ ಹುಳ ಸಾಯ್ತಿಲ್ಲ ಅನ್ನೋದು, ಹೆದರಿ ಮುಚ್ಚಿಟ್ಟಿದ್ದು, ಬಿಟ್ಟು ಹೋಗ್ತೀನಿ ಅನ್ನೋದು, ಎಲ್ಲಾ. ಸಾರ್ ಹಣೆಯ ನರ ಪಟಪಟ ಹೊಡ್ಕೊಳ್ತಿತ್ತು, ತುಟಿ ಮಾತ್ರ ಹೊಲಿದಂಗೆ.

“ಮುಗೀತಾಮ್ಮಾ?”

“ಮುಗೀತು ಸಾರ್.”

ಬಾವಿಯಿಂದ ಮೇಲೆ ಬಂದವರಂಗೆ ಸಾರ್ ಉಸಿರು ಬಿಟ್ಟರು. ಬೆಂಗಳೂರಲ್ಲಿ ನಡೆದದ್ದು ಗೈಡುಗಳಿಗೇ ಟ್ರೈನಿಂಗಂತೆ. ವಿದ್ಯಾರ್ಥಿಗಳನ್ನು ಹೆಂಗೆ ನೋಡ್ಕೋಬೇಕು ಅಂತ. “ವಿದ್ಯಾರ್ಥಿ ಮಾತು ಮುಗಿಸೋವರೆಗೂ ಗೈಡು ಬಾಯಿ ತೆಗೀಬಾರದು ಅಂದ್ರು. ನೀನು ಹೋದ ವಾರದಿಂದ ಶುರುವೇ ಮಾಡ್ಲಿಲ್ಲವಲ್ಲಮ್ಮಾ, ನಾನೆಷ್ಟು ಅಂತ ತಡೀಲಿ?”

೪. ಬದುವಿನ ಗುಡ್ಡೆಗಳು

ಬಿಡೋದನ್ನ ಆಮೇಲೆ ಯೋಚಿಸು, ಮೊದಲು ಹೋಗಿ ನೋಡೋಣ ಅಂತ ಸಾರ್ ಆಗಲೇ ನಮ್ಮಿಬ್ಬರನ್ನೂ ಕಾರಲ್ಲಿ ಸೋಮನಹಳ್ಳಿಗೆ ಕರ್ಕೊಂಡು ಹೋದರು. ಗದ್ದೆ ಬದುವಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಮಣ್ಣಿನ ಗುಡ್ಡೆ, ಒಂದೊಂದರ ಮೇಲೂ ಒಂದು ಕಣಗಿಲೆ ಹೂವು. ಗಾಳಿ ಇರಲಿಲ್ಲ, ಆದ್ರೂ ಒಳಗೆಲ್ಲೋ ಕಬ್ಬಿನ ಸೋಗೆ ಸರಸರ ಅಂತಿತ್ತು. ಸೋಗೆ ಸರಿಸಿಕೊಂಡು ಗೌಡ್ರು ಆಚೆ ಬಂದರು. ಕೈಯಲ್ಲಿ ಹಾಲಿನ ಚೊಂಬು.

ಇದೇನು ಅಂತ ಅಕ್ಕ ಕೇಳಿದರು.

“ನಿಮ್ಮುಳಗಳು ಕಣಮ್ಮ. ಸತ್ ಮ್ಯಾಲೆ ಮೈಯೆಲ್ಲಾ ಬೆಳ್ಳಗೆ ಎದ್ದು ಬತ್ತದೆ. ಅಂಥ ಸಾವ ಅಂಗೇ ಬುಟ್ರೆ ಗದ್ದೆ ಉಳೀತದಾ? ಅದ್ಕೇ ಮಣ್ ಮಾಡಿ ಆಲು-ತುಪ್ಪ ಬುಡ್ತಾ ಇವ್ನಿ. ನಿಮ್ಗೂ ಮೋಸ ಆಗ್ಬಾರ್ದಲ್ಲಾ, ಎಷ್ಟ್ ಸತ್ತವೋ ಅಷ್ಟೇ ಬದ್ಕಿರವ ಗದ್ದೇಲ್ ಆಯ್ದು ಮಡ್ಕೆಗಾಕಿವ್ನಿ.”

ನಾನು ಒಂದು ಗುಡ್ಡೆ ಕೆದಕಿದೆ. ಹತ್ತಿಯಂಗೆ ಬೆಳ್ಳಗೆ, ಕಡ್ಡಿಯಂಗೆ ಸೆಟೆದ ಹುಳ. ಪಕ್ಕದ್ದರಲ್ಲೂ ಅದೇ. ಅಕ್ಕ ಬದುವಿನ ಮೇಲೇ ಕುಸಿದು ಕೂತು ಅಳ್ತಾ ನಕ್ಕರು. ಮಡಕೆ ಹೊಸದಾಗಿ ಹೂಳೋಣ ಸಾರ್, ಈ ಸಲ ಬೀಗ ಹಾಕಿ ಅಂದರು. ಮಳವಳ್ಳಿ ಕೆಲಸ ಅಲ್ಲೇ ಹುಳದ ಜೊತೆ ಮಣ್ಣಾಯ್ತು.

ಸಾರ್ ಮಾತ್ರ ಗೌಡ್ರ ಮೇಲೆ ಉಕ್ಕಿ ಬರ್ತಿದ್ದ ಸಿಟ್ಟನ್ನು ನುಂಗಿಕೊಂಡು, ಅವರು ಮಾತು ಮುಗಿಸಲಿ ಅಂತ ಕಂಬದಂಗೆ ನಿಂತಿದ್ದರು. ಅಲ್ಲಾಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಗೌಡ್ರು ಅವರನ್ನು ಒಂದು ಸುತ್ತು ಬಂದರು. ಹಿಂದಿನಿಂದ ಆ ಬಿಳೀ ಕತ್ತು ನೋಡಿದರು. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಅಕ್ಕನ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದರು:

“ಇವ್ರ್ನೂ ಇಲ್ಲೇ ಮಣ್ ಮಾಡಾದಾ ಕಣಮ್ಮ, ಇಲ್ಲಾ ಊರ್ಗೆ ತಕ್ಕೊಂಡ್ ಓಯ್ತೀರಾ?”