ಪರಸ್ಥಳದ ಹುಣ್ಣು

"ಮೂರು ಸಲ ಹೋದ್ರಿ, ಮೂರು ಸಲಾನೂ ಅಲ್ಲೇ ಹುಣ್ಣು. ಈ ಊರಲ್ಲಿ ಕೆಲಸ ಮಾಡುವಾಗ ಯಾಕೆ ಬರಲ್ಲ ರೀ?"

"ನನ್ನ ಕೇಳಿದ್ರೆ? ಹುಣ್ಣನ್ನ ಕೇಳು."

ವೈದ್ಯೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಗಂಡ ಒಂದು ಪಕ್ಕಕ್ಕೆ ವಾಲಿ ಕೂತಿದ್ದ. ನೆಲಕ್ಕೆ ಟೈಲ್ಸ್ ಕೂರಿಸುವುದು ಅವನ ಕಸುಬು. ಹೊಳೆಯಾಚೆಯ ಊರಿನಲ್ಲಿ ದೊಡ್ಡ ಕಟ್ಟಡದ ಕೆಲಸ ಹಿಡಿದ ಮೇಲೆ, ನಾಲ್ಕು ದಿನ ಅಲ್ಲಿದ್ದು ಬಂದಾಗಲೆಲ್ಲ ಹೇಳಬಾರದ ಜಾಗದಲ್ಲಿ ಉರಿಯುವ ಹುಣ್ಣು. ಹೆಂಡತಿ ಆ ಊರಿನಲ್ಲಿ ಮನಸ್ಸಿನಲ್ಲೇ ಒಬ್ಬಳನ್ನು ಹುಟ್ಟಿಸಿ, ಉದ್ದ ಜಡೆ ಹೆಣೆದು, ಬಾಡಿಗೆ ಮನೆಯನ್ನೂ ಹಿಡಿದುಕೊಟ್ಟು, ಬೆಳಗಿನಿಂದ ಬೈಯುತ್ತಿದ್ದಳು. ವೈದ್ಯೆಯ ಬಾಯಿಂದಲೇ ಕೇಳಿ, ಹಾಗೇ ಅಕ್ಕನ ಮನೆಗೆ ಹೊರಟುಬಿಡುವುದೆಂದು ಬಟ್ಟೆಯ ಚೀಲವನ್ನೂ ತಂದಿದ್ದಳು.

"ಹಗಲೆಲ್ಲ ಮಂಡಿಯೂರಿ ಕೂತಿರ್ತೀನಿ ಕಣೆ. ಇನ್ನೊಬ್ಬಳ ಮುಖ ನೋಡೋಕೆ ತಲೆ ಎತ್ತೋದು ಯಾವಾಗ?"

"ಅಂದ್ರೆ ಬಿಡುವಿಲ್ಲ ಅಂತ ತಾನೇ? ಮನಸ್ಸಿಲ್ಲ ಅಂತ ಅಲ್ವಲ್ಲ."

ಅಷ್ಟರಲ್ಲಿ ಒಳಗೆ ಕರೆದರು. ರಕ್ತದ ವರದಿ ಓದಿದ ವೈದ್ಯೆ, ಅಂಟುರೋಗ ಯಾವುದೂ ಕಾಣುವುದಿಲ್ಲ ಎಂದರು. ರಕ್ತಕ್ಕೆ ಇವರ ಗುಣ ಏನು ಗೊತ್ತು ಎಂದಳು ಹೆಂಡತಿ. ವೈದ್ಯೆ ನಗಲಿಲ್ಲ. ಇಂಥ ನೋವಿನ ಹುಣ್ಣಿಗೆ ಕಾರಣ ಒಂದೇ ಅಲ್ಲ, ಸೋಂಕಿರಬಹುದು, ಉಜ್ಜಿದ ಗಾಯವಿರಬಹುದು, ಮೈಗೆ ಒಗ್ಗದ ಔಷಧಿಯೂ ಇರಬಹುದು ಎಂದರು. ಪ್ರತಿ ಸಲವೂ ಅದೇ ಜಾಗವೇ, ಮಾಗಿದ ಮೇಲೆ ಕಪ್ಪು ಕಲೆ ಉಳಿಯುತ್ತದೆಯೇ ಎಂದು ಕೇಳಿದರು. ಅವನು ಎರಡಕ್ಕೂ ಹೂಂಗುಟ್ಟಿದ.

"ಏನಾದ್ರೂ ಮಾತ್ರೆ ತಗೋತೀರಾ?"

"ಔಷಧಿ ಅಂದ್ರೆ ನನಗೆ ಆಗೋದೇ ಇಲ್ಲಮ್ಮ. ಒಂದೂ ಇಲ್ಲ."

"ಟೈಲ್ಸ್ ಕೆಲಸ ಅಂದ್ರಿ, ಮಂಡಿ ನೋಯಲ್ವಾ? ಅದಕ್ಕೇನು ತಗೋತೀರಾ?" ಎಂದರು ವೈದ್ಯೆ.

"ಅದು ಔಷಧಿ ಅಲ್ವಲ್ಲ. ಇವಳು ಬುತ್ತಿ ಜೊತೆ ಕಟ್ಟಿ ಕೊಡೋದು. ಊಟ ಮಾಡಿ ನುಂಗ್ತೀನಿ."

ಹೆಂಡತಿಯ ದನಿ ಇಳಿಯಿತು. ಮನೆಯಲ್ಲಿದ್ದರೆ ತಾನೇ ಬಿಸಿನೀರಿನ ಶಾಖ ಕೊಡುತ್ತೇನೆ, ಪರಸ್ಥಳದಲ್ಲಿ ಯಾರು ಕೊಡಬೇಕು, ಅದಕ್ಕೇ ದಿನಕ್ಕೆರಡು ನೋವಿನ ಮಾತ್ರೆ ಇಡುತ್ತೇನೆ ಎಂದಳು. ವೈದ್ಯೆ ಮಾತ್ರೆಯ ಹೆಸರು ಕೇಳಿ ತಲೆಯಾಡಿಸಿದರು. ಕೆಲವರಿಗೆ ಒಗ್ಗದ ಮಾತ್ರೆ ನುಂಗಿದಾಗಲೆಲ್ಲ ಹುಣ್ಣು ಹಳೆಯ ಜಾಗವನ್ನೇ ಹುಡುಕಿಕೊಂಡು ಏಳುತ್ತದೆ, ಇದೂ ಅದೇ, ಇನ್ನು ಆ ಮಾತ್ರೆ ಮುಟ್ಟಬೇಡಿ ಎಂದು ಹೇಳಿ ಮುಲಾಮು ಬರೆದುಕೊಟ್ಟರು.

ಹೊರಗೆ ಬಂದಾಗ ಅವಳು ಮನೆಯ ಕಡೆಗೇ ತಿರುಗಿದಳು. ಗಂಡ ಕಾಲು ಅಗಲಿಸಿ ನಡೆಯುತ್ತಿದ್ದರೂ ಎದೆ ಮಾತ್ರ ಉಬ್ಬಿತ್ತು.

"ಈಗ ಹೇಳು. ನನ್ನನ್ನ ಈ ಗತಿಗೆ ತಂದದ್ದು ಯಾರು?"

ಅವಳು ಬಟ್ಟೆಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಯಾವಳೋ ಹೆಂಗಸೇ ಕಾರಣ ಅಂತ ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆನಲ್ರೀ."